ನೀರುಗಂಟಿಗಳ ಹಿಂದೆ ಬಿದ್ದು ಪಿಎಚ್‌ಡಿಗೆ ಅರ್ಜಿ ಹಾಕಿದ್ದು

ಪಿಎಚ್‌ಡಿ ಮಾಡೋರಿಗೆ ಸರ್ಕಾರದಿಂದ ಸಿಗೋ ಫೆಲೋಶಿಪ್ ಜೆಆರ್‌ಎಫ್‌ಗೆ ವಯಸ್ಸಿನ ಮಿತಿ 30. ಹೆಣ್ಣುಮಕ್ಕಳಿಗೆ ಐದು ವರ್ಷ ರಿಯಾಯಿತಿ ಇದೆ, ಅಂದ್ರೆ 35. ನಾನು ಆ ಗೆರೆ ದಾಟಿ ಸುಮಾರು ಕಾಲ ಆಯ್ತು, ಹಾಗಾಗಿ ತಿಂಗಳಿಗೆ 37 ಸಾವಿರ ಫೆಲೋಶಿಪ್ ತಗೊಂಡು ಲೈಬ್ರರೀಲಿ ಆರಾಮಾಗಿ ಕೂತು ಓದೋ ಯೋಗ ನನಗಿಲ್ಲ ಅಂತ ಶುರುವಿನಲ್ಲೇ ಗೊತ್ತಿತ್ತು. ಆದ್ರೂ ಈ ಸಲ ಹಿಸ್ಟರಿ ಪಿಎಚ್‌ಡಿಗೆ ಅರ್ಜಿ ಹಾಕ್ದೆ, ಪಾರ್ಟ್ ಟೈಮ್. ವಿಷಯ ನೀರುಗಂಟಿಗಳು, ಅಂದ್ರೆ ಊರಿನ ಕೆರೆ ನೀರನ್ನ ಗದ್ದೆಗಳಿಗೆ ಬಿಡ್ತಿದ್ದೋರು. ಪಿಎಚ್‌ಡಿಗೆ ಅಂತ ವಯಸ್ಸಿನ ಮಿತಿ ಏನೂ ಇಲ್ಲ ನೋಡಿ, ಮಿತಿ ಇರೋದು ದುಡ್ಡಿಗೆ ಮಾತ್ರ. ಮಾನಸಗಂಗೋತ್ರೀಲಿ ಎಂಎ ಮುಗಿಸಿ ಬಂದು ಹದಿನೈದು ವರ್ಷದ ಹತ್ತಿರ ಆಯ್ತು. ಆಮೇಲೆ ತುಮಕೂರು ಕಡೆ ಒಂದು ಎನ್‌ಜಿಒ, ಅದಾದ್ಮೇಲೆ ಬೆಂಗಳೂರಲ್ಲಿ ಒಂದು ಕಂಪನಿಯ ಸಿಎಸ್‌ಆರ್ ಅಂದ್ರೆ ಸಮಾಜಸೇವೆಗೆ ದುಡ್ಡು ಕೊಡೋ ವಿಭಾಗ, ಮದುವೆ, ಮಗಳು, ಹೋಮ್ ಲೋನು, ಎಲ್ಲರ ಹಾಗೇನೆ. ಈ ಮಧ್ಯೆ ಹಿಸ್ಟರಿ ಅಂತ ನಾನು ಕೈಯಲ್ಲಿ ಹಿಡಿದಿದ್ದು ಮಗಳ ಸೋಷಿಯಲ್ ಪುಸ್ತಕ ಒಂದೇ ಅಂದ್ರೂ ತಪ್ಪಿಲ್ಲ.

ಇಷ್ಟು ವರ್ಷ ಬಿಟ್ಟು ಯಾಕೆ ವಾಪಸ್ ಅಂತ ಎಲ್ರೂ ಕೇಳ್ತಾರೆ, ಅದನ್ನೇ ಮೊದ್ಲು ಹೇಳಿಬಿಡ್ತೀನಿ.

ಎನ್‌ಜಿಒದಲ್ಲಿ ನನ್ನ ಕೆಲಸ ಕೆರೆ ಹೂಳೆತ್ತಿಸೋ ಪ್ರಾಜೆಕ್ಟು. ಆಗ ಎಲ್ಲೆಲ್ಲೂ ಕೆರೆ ಮಾತೇ. 2002ರಿಂದ ವಿಶ್ವಬ್ಯಾಂಕ್ ಸಾಲದಲ್ಲಿ ಜಲ ಸಂವರ್ಧನೆ ಯೋಜನೆ ನಡೀತಿತ್ತು, ಅದನ್ನ ನೋಡಿ ಸಣ್ಣಪುಟ್ಟ ಸಂಸ್ಥೆಗಳೂ ಕೆರೆಗಿಳಿದಿದ್ವು. ಪ್ರತೀ ಊರಲ್ಲೂ ಕೆರೆ ಬಳಕೆದಾರರ ಸಂಘ ಮಾಡ್ಬೇಕು, ಅಧ್ಯಕ್ಷರು, ಕಾರ್ಯದರ್ಶಿ, ರೆಸಲ್ಯೂಷನ್ ಬುಕ್ಕು, ಬ್ಯಾಂಕ್ ಪಾಸ್‌ಬುಕ್ಕು, ರಬ್ಬರ್ ಸ್ಟಾಂಪು, ಎಲ್ಲ ಆಗ್ಬೇಕು. ಮೀಟಿಂಗ್‌ನಲ್ಲಿ ಮಾತಾಡೋರು ಜಮೀನಿರೋರು. ಆದ್ರೆ ತೂಬು, ಅಂದ್ರೆ ಕೆರೆ ನೀರು ಹೊರಬಿಡೋ ಬಾಯಿ, ಎಲ್ಲಿ ಸೋರುತ್ತೆ, ಯಾವ ಕಾಲುವೆ ಮುಚ್ಚಿಹೋಗಿದೆ, ಕೆರೆ ತುಂಬಿ ಕೋಡಿ ಬಿದ್ದಿದ್ದು ಕೊನೇಸಲ ಯಾವಾಗ ಅಂತ ಕೇಳಿದ್ರೆ ಎಲ್ರೂ ತಿರುಗಿ ಹಿಂದೆ ನೋಡೋರು. ಹಿಂದೆ ಅಂದ್ರೆ ಅಲ್ಲಿ ಜಗಲಿ ಕೆಳಗೆ ಟವೆಲ್ ಹಾಸ್ಕೊಂಡು ಕೂತಿರ್ತಿದ್ದ ಒಬ್ಬ ಅಜ್ಜ. ಊರಿನ ನೀರುಗಂಟಿ. ಸಂಘದ ಲಿಸ್ಟಲ್ಲಿ ಆ ಅಜ್ಜನ ಹೆಸರಿಲ್ಲ, ಯಾಕಂದ್ರೆ ಅಚ್ಚುಕಟ್ಟಲ್ಲಿ, ಅಂದ್ರೆ ಕೆರೆ ನೀರು ಹರಿಯೋ ಬಯಲಲ್ಲಿ, ಅವ್ರಿಗೆ ಒಂದು ಗುಂಟೆ ಜಮೀನಿಲ್ಲ.

ಒಂದಿನ ಅವ್ರ ಜೊತೆ ಏರಿ ಮೇಲೆ ನಡ್ಕೊಂಡು ಹೋದೆ. ಕೆರೆ ಅರ್ಧ ಒಣಗಿತ್ತು. ತೂಬಿನ ಹತ್ರ ಎರಡು ಕಲ್ಲಿನ ಕಂಬ, ಅವುಗಳ ಮಧ್ಯೆ ಒಂದರ ಮೇಲೊಂದು ಅಡ್ಡ ಚಪ್ಪಡಿ, ಚಪ್ಪಡಿ ನಡುವೆ ತೂತು, ಆ ತೂತಲ್ಲಿ ಮರದ ಗಣೆ ಇಳಿಬಿಟ್ಟು ಕೆಳಗಿನ ಬಾಯಿ ಮುಚ್ಚೋದು ತೆಗೆಯೋದು. ನಾನು ಎಷ್ಟೋ ಕೆರೇಲಿ ಇದನ್ನ ನೋಡಿ ಫೋಟೋ ತೆಗೆದು ರಿಪೋರ್ಟಿಗೆ ಅಂಟಿಸಿದೋಳು. ಅಜ್ಜ ಚಪ್ಪಡಿ ತೋರಿಸಿ ಹೇಳಿದ್ರು, "ನೋಡವ್ವ, ನೀರು ಈ ಮೇಲಿನ ಕಲ್ಲು ಮುಚ್ಚಿದ್ರೆ ಪೂರಾ ಬಯಲಿಗೆ ಭತ್ತ. ನಡುವಿನ ಕಲ್ಲಿಗೆ ನಿಂತ್ರೆ ಅರ್ಧ ಬಯಲು, ಯಾವ ಅರ್ಧ ಅನ್ನೋದು ಹೋದ ಸಲ ಯಾರಿಗೆ ಸಿಕ್ಕಿರಲಿಲ್ವೋ ಅವ್ರದ್ದು. ಕೆಳಗಿನ ಕಲ್ಲು ಕಂಡ್ರೆ ಯಾರಿಗೂ ಇಲ್ಲ, ದನಕರುಗಳಿಗೆ." ಇದನ್ನ ತೀರ್ಮಾನ ಮಾಡ್ತಿದ್ದೋರು ಯಾರು ಅಂದೆ. "ಗೌಡ್ರು ಹೇಳೋರು. ನಾವು ಬಿಡೋರು," ಅಂದು ನಕ್ರು. ಆ ನಗೂಲಿ ಏನೋ ಇತ್ತು, ರಾತ್ರಿ ಎರಡು ಗಂಟೇಲಿ ತೂಬಿನ ಹತ್ರ ಗೌಡ್ರು ಇರ್ತಿರಲಿಲ್ವಲ್ಲ.

ಆ ಮಾತನ್ನ ರಿಪೋರ್ಟಲ್ಲಿ ಎಲ್ಲೂ ಬರೆಯೋಕೆ ಆಗ್ಲಿಲ್ಲ. ಅದಕ್ಕೆ ಕಾಲಂ ಇರಲಿಲ್ಲ. ಆದ್ರೆ ತಲೇಲಿ ಉಳ್ಕೊಂಡು ಬಿಡ್ತು. ಊರಿನ ಅತೀ ಮುಖ್ಯವಾದ ಆಸ್ತಿ ನೀರು, ಅದರ ಬೀಗ ದಿನಾ ತೆಗೆದು ಹಾಕೋ ಕೆಲಸ ಊರಲ್ಲಿ ಅತೀ ಕೆಳಗಿಟ್ಟ ಜಾತಿಯೋರ ಕೈಲಿ ಇತ್ತು, ಬಹಳ ಊರುಗಳಲ್ಲಿ ದಲಿತರ ಮನೆತನಗಳ ಕೈಲಿ, ಅವ್ರಿಗೆ ಸಂಬಳ ಅಂತ ಸಿಗ್ತಿದ್ದಿದ್ದು ಸುಗ್ಗೀಲಿ ಕಣದಲ್ಲಿ ಅಳೆದುಕೊಡೋ ಕಾಳು, ಮತ್ತೆ ಈ ಕೆಲಸಕ್ಕೆ ಅಂತ ಬಿಟ್ಟುಕೊಟ್ಟ ಒಂದಿಷ್ಟು ಇನಾಂತಿ ಜಮೀನು. ಹಾಗಾದ್ರೆ ಅವ್ರಿಗೆ ನಿಜವಾಗಿ ಎಷ್ಟು ಅಧಿಕಾರ ಇತ್ತು? ಸರ್ಕಾರ ಬಂದು ಪಟೇಲ, ಶಾನುಭೋಗ, ತೋಟಿ, ತಳವಾರ, ನೀರುಗಂಟಿ ಎಲ್ಲಾ ವಂಶಪಾರಂಪರ್ಯ ಹುದ್ದೆಗಳನ್ನ ರದ್ದು ಮಾಡ್ತು, 1961ರ ಕಾಯ್ದೆ, ಜಾರಿಗೆ ಬಂದಿದ್ದು 1963ರ ಫೆಬ್ರವರೀಲಿ. ಪಟೇಲ ಶಾನುಭೋಗರ ಜಾಗಕ್ಕೆ ವಿಲೇಜ್ ಅಕೌಂಟೆಂಟ್ ಬಂದ. ನೀರುಗಂಟಿ ಜಾಗಕ್ಕೆ ಯಾರು ಬಂದ್ರು? ಆ ಅಜ್ಜ ಹುದ್ದೆ ಹೋಗಿ ನಲವತ್ತು ವರ್ಷದ ಮೇಲಾದ್ರೂ ಯಾಕೆ ತೂಬು ಬಿಡ್ತಿದ್ರು, ಯಾರು ಕಾಳು ಕೊಡ್ತಿದ್ರು? ಎಂಎ ಓದೋವಾಗ ನನ್ನ ಹತ್ರ ಇಂಥ ಒಂದು ಪ್ರಶ್ನೇನೂ ಇರಲಿಲ್ಲ. ಆಗಲೇ ಪಿಎಚ್‌ಡಿ ಮಾಡಿದ್ರೆ ಯಾವ್ದೋ ಒಂದು ರಾಜವಂಶ ಹಿಡ್ಕೊಂಡು, ರಾಜಕೀಯ ಸ್ಥಿತಿ ಒಂದು ಅಧ್ಯಾಯ, ಆರ್ಥಿಕ ಸ್ಥಿತಿ ಒಂದು ಅಧ್ಯಾಯ, ಧಾರ್ಮಿಕ ಸ್ಥಿತಿ ಒಂದು ಅಧ್ಯಾಯ ಅಂತ ತುಂಬಿಸಿ ಬೈಂಡ್ ಮಾಡಿಸ್ತಿದ್ದೆ, ಬರೆದು ಕೊಡ್ತೀನಿ.

ಸರಿ, ಅರ್ಜಿ ವಿಷಯ. ಎಂಟ್ರೆನ್ಸೇ ದೊಡ್ಡದು ಅಂತ ಎಲ್ರೂ ಹೆದರಿಸ್ತಾರೆ. ಹೊರಗಿಂದ ಬರೋರಿಗೆ ಎಂಟ್ರೆನ್ಸ್ ಅಲ್ಲ ದೊಡ್ಡದು, ಗೈಡ್ ಸಿಗೋದು ದೊಡ್ಡದು. ಒಳಗಿರೋ ಹುಡುಗ್ರಿಗೆ ತಮ್ಮ ಮೇಷ್ಟ್ರು ಇರ್ತಾರೆ, ಯಾರ ಹತ್ರ ಸೀಟ್ ಖಾಲಿ ಆಗ್ತಿದೆ, ಯಾರು ಯಾವಾಗ ಥೀಸಿಸ್ ಸಬ್ಮಿಟ್ ಮಾಡ್ತಾರೆ ಅನ್ನೋದು ಕ್ಯಾಂಟೀನಲ್ಲೇ ಗೊತ್ತಾಗುತ್ತೆ. ನನಗೆ ಪಾಠ ಮಾಡಿದೋರಲ್ಲಿ ಬಹಳ ಜನ ರಿಟೈರ್ ಆಗಿದಾರೆ. ವಿವಿಗಳಿಗೆ ನಿಯಮ ಮಾಡೋ ಯುಜಿಸಿಯ 2022ರ ನಿಯಮದ ಪ್ರಕಾರ ಒಬ್ಬ ಪ್ರೊಫೆಸರ್ ಹತ್ರ ಒಂದು ಸಲಕ್ಕೆ ಎಂಟು ಜನ, ಅಸೋಸಿಯೇಟ್ ಹತ್ರ ಆರು, ಅಸಿಸ್ಟೆಂಟ್ ಹತ್ರ ನಾಲ್ಕು, ಅಷ್ಟೇ. ರಿಟೈರ್ ಆಗೋಕೆ ಮೂರು ವರ್ಷಕ್ಕಿಂತ ಕಮ್ಮಿ ಇದ್ರೆ ಹೊಸಬರನ್ನ ತಗೊಳ್ಳೋ ಹಾಗಿಲ್ಲ. ಗೈಡ್ ಆಗೋರು ಖಾಯಂ ಅಧ್ಯಾಪಕರೇ ಆಗಿರಬೇಕು, ನಮ್ಮ ರಾಜ್ಯದ ವಿವಿಗಳಲ್ಲಿ ಖಾಯಂ ಹುದ್ದೆ ಎಷ್ಟು ಖಾಲಿ ಬಿದ್ದಿವೆ, ಪಾಠ ಮಾಡ್ತಿರೋರಲ್ಲಿ ಅತಿಥಿ ಉಪನ್ಯಾಸಕರು ಎಷ್ಟು ಜನ ಅಂತ ಪೇಪರ್ ಓದೋ ಯಾರಿಗಾದ್ರೂ ಗೊತ್ತು. ಒಂದು ಡಿಪಾರ್ಟ್‌ಮೆಂಟಲ್ಲಂತೂ ನನಗೆ ಬೇಕಾದ ವಿಷಯ ಚೆನ್ನಾಗಿ ಬಲ್ಲೋರು ಒಬ್ರು ಇದ್ರು, ಅವ್ರು ಗೆಸ್ಟ್ ಫ್ಯಾಕಲ್ಟಿ, ಗೈಡ್ ಮಾಡೋಕೆ ಆಗಲ್ಲ. ಗೈಡ್ ಮಾಡಬಹುದಾದೋರಿಗೆ ನನ್ನ ವಿಷಯ ಬೇಡ. ಇದಕ್ಕೆ ಏನ್ ಹೇಳ್ತೀರ.

ಇಮೇಲ್ ಬರೆದ್ರೆ ಉತ್ತರ ಬರಲ್ಲ. ಇದು ಕೊಬ್ಬು ಅಂತ ನಾನು ಹೇಳಲ್ಲ, ಅವ್ರ ಇನ್‌ಬಾಕ್ಸಲ್ಲಿ ದಿನಾ ಇಂಥವು ಎಷ್ಟು ಬೀಳುತ್ವೋ. ಹೋಗಿ ಮುಖ ತೋರಿಸಿದ್ರೆ ಮಾತ್ರ ಕೆಲಸ ಆಗೋದು, ಅದೂ ಮಧ್ಯಾಹ್ನ ಕ್ಲಾಸ್ ಮುಗಿದು ಅವ್ರು ಚೇಂಬರಲ್ಲಿ ಟೀ ಕುಡಿಯೋ ಹೊತ್ತಿಗೆ. ಹಾಗೆ ಒಬ್ರು ಸಿಕ್ಕಿದ್ರು. ನಾನು ತಗೊಂಡು ಹೋಗಿದ್ದು ಸಿನಾಪ್ಸಿಸ್ ಅಂತ ನೀಟಾಗಿ ಮಾಡಿದ ಸಂಶೋಧನೆಯ ಪ್ರೊಪೋಸಲ್, ಆಬ್ಜೆಕ್ಟಿವ್ಸು, ಔಟ್‌ಕಮ್ಮು, ಟೈಮ್‌ಲೈನ್ ಟೇಬಲ್ಲು, ಕೊನೇಲಿ ಬಜೆಟ್ಟೂ ಇತ್ತು. ಸಿಎಸ್‌ಆರ್ ಕೈ ಸುಮ್ನೆ ಇರುತ್ತಾ. ಹೆಡ್ಡಿಂಗು "ಕರ್ನಾಟಕದ ಕೆರೆಗಳು ಮತ್ತು ಸಾಮಾಜಿಕ ಬದಲಾವಣೆ". ಮೇಷ್ಟ್ರು ಎರಡು ಪುಟ ತಿರುವಿ ಹಾಕಿ ಕೇಳಿದ್ರು, "ಇದು ಸಿನಾಪ್ಸಿಸ್ಸೋ ಟೆಂಡರ್ರೋ ಅಮ್ಮ?" ಆಮೇಲೆ ಕನ್ನಡಕ ತೆಗೆದು, "ರಾಜ್ಯದಲ್ಲಿ 36 ಸಾವಿರ ಕೆರೆ ಇದೆ ಅಂತ ನೀನೇ ಬರ್ದಿದೀಯ. ಒಂದೊಂದಕ್ಕೆ ಒಂದಿನ ಇಟ್ರೂ ನೀನು ನಾನು ಇಬ್ರೂ ಉಳಿಯಲ್ಲ. ಒಂದು ತಾಲ್ಲೂಕು ಹಿಡಿ. ಮತ್ತೆ ಇಲ್ಲಿ ಔಟ್‌ಕಮ್ ಅಂತ ಹಾಕಿದೀಯಲ್ಲ, ಉತ್ತರ ಈಗ್ಲೇ ಗೊತ್ತಿದ್ರೆ ಐದಾರು ವರ್ಷ ಯಾಕೆ ಓದ್ತೀಯ?" ಅಂದ್ರು. "ಇಲ್ಲ ಸರ್, ಗೊತ್ತಿಲ್ಲ ಸರ್," ಅಂದೆ. "ಗೊತ್ತಿಲ್ಲ ಅನ್ನೋದನ್ನ ಬರ್ಕೊಂಡು ಬಾ."

ನಮ್ಮ ಕೆಲಸದಲ್ಲಿ ಗೊತ್ತಿಲ್ಲ ಅಂತ ಬರೆದ್ರೆ ದುಡ್ಡು ಬರಲ್ಲ. ಮೂರು ವರ್ಷದಲ್ಲಿ ಇಷ್ಟು ಎಕರೆ, ಇಷ್ಟು ಕುಟುಂಬ, ಅಂತರ್ಜಲ ಇಷ್ಟು ಅಡಿ ಮೇಲೆ, ಎಲ್ಲ ಮೊದಲೇ ಮಾತು ಕೊಡ್ಬೇಕು, ಆಮೇಲೆ ಆ ಮಾತಿಗೆ ತಕ್ಕ ಹಾಗೆ ರಿಪೋರ್ಟ್ ಬರೀಬೇಕು. ಆ ಅಭ್ಯಾಸ ಬಿಡ್ಸೋಕೆ ನನಗೆ ತಿಂಗಳುಗಟ್ಟಲೆ ಹಿಡೀತು. ರಾತ್ರಿ ಮಗಳು ಮಲಗಿದ್ಮೇಲೆ ಬರೆಯೋದು, ಬೆಳಿಗ್ಗೆ ಓದಿದ್ರೆ ಅದೇ ಆನ್ಯುಯಲ್ ರಿಪೋರ್ಟ್ ಧಾಟಿ. ಕೊನೆಗೆ ಬುಲೆಟ್ ಪಾಯಿಂಟ್ ಹಾಕೋದನ್ನೇ ನಿಲ್ಲಿಸಿ, ಒಂದು ನೋಟ್‌ಬುಕ್ ತಗೊಂಡು ಕೈಯಲ್ಲಿ ಬರೆದೆ, ಅಜ್ಜ ಹೇಳಿದ ಮೂರು ಕಲ್ಲಿನ ಮಾತಿಂದಲೇ ಶುರು ಮಾಡಿ. ಮಧುಗಿರಿ ತಾಲ್ಲೂಕು, ನೀರುಗಂಟಿಗಳು, ಹುದ್ದೆ ರದ್ದಾಗೋ ಮುಂಚೆ ಒಂದಿಷ್ಟು ವರ್ಷ, ಆದ್ಮೇಲೆ ಒಂದಿಷ್ಟು ವರ್ಷ. ಅಷ್ಟೇ. ಈ ಸಲ ಮೇಷ್ಟ್ರು ಪೂರ್ತಿ ಓದಿದ್ರು. ಒಪ್ಪಿದೆ ಅಂತ ಹೇಳಲಿಲ್ಲ, "ನೋಟಿಫಿಕೇಷನ್ ಬಂದಾಗ ಅಪ್ಲೈ ಮಾಡು, ರೆವಿನ್ಯೂ ದಾಖಲೆ ಎಲ್ಲೆಲ್ಲಿ ಸಿಗುತ್ತೆ ಅಂತ ಈಗ್ಲೇ ನೋಡಿಟ್ಕೋ," ಅಂದ್ರು. ಮೇಷ್ಟ್ರುಗಳ ಭಾಷೇಲಿ ಅದೇ ಒಪ್ಪಿಗೆ.

ಓದೋದು ಅಂದ್ರೆ ಈಗ ನಮ್ಮ ಕಾಲದ ಹಾಗಿಲ್ಲ, ಅದೊಂದು ಖುಷಿ. ನಾವು ಎಂಎ ಮಾಡೋವಾಗ ಎಪಿಗ್ರಾಫಿಯಾ ಕರ್ನಾಟಿಕಾ, ಅಂದ್ರೆ ಶಾಸನಗಳ ಸಂಪುಟಗಳನ್ನ, ನೋಡ್ಬೇಕಂದ್ರೆ ಲೈಬ್ರರಿಯೋರ ಮರ್ಜಿ ಕಾಯಬೇಕಿತ್ತು. ಈಗ ಅವನ್ನ ಹೊರತಂದ ಬಿ.ಎಲ್. ರೈಸ್ ಸಾಹೇಬ್ರ ಹಳೇ ಸಂಪುಟಗಳೆಲ್ಲ ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಆಗಿ ಬಿದ್ದಿವೆ, 12ನೇ ಸಂಪುಟ ತುಮಕೂರು ಜಿಲ್ಲೇದು, ಬಸ್ಸಲ್ಲಿ ಫೋನಲ್ಲೇ ಓದಬಹುದು. ಕೆರೆ ಕಟ್ಟಿಸಿದೋರಿಗೆ ಕಟ್ಟುಕೊಡಗೆ ಅಂತ ಗದ್ದೆ ಬಿಟ್ಟುಕೊಟ್ಟ ಶಾಸನಗಳು ಬೇಕಾದಷ್ಟು ಸಿಗ್ತವೆ. ಕಟ್ಟಿಸಿದೋರ ಹೆಸರಿದೆ, ಬರೆದೋನ ಹೆಸರೂ ಇರುತ್ತೆ, ರಾತ್ರಿ ಎದ್ದು ತೂಬು ಬಿಟ್ಟೋನ ಹೆಸರು ಹುಡುಕ್ತಾನೇ ಇದೀನಿ. ಈಸ್ಟ್ ಇಂಡಿಯಾ ಕಂಪನಿಯ ಬುಕಾನನ್ 1800-01ರಲ್ಲಿ ಮೈಸೂರು ಸೀಮೆ ಸುತ್ತಿದಾಗ ಕಣದಲ್ಲಿ ರಾಶಿ ಹೇಗೆ ಹಂಚ್ತಾರೆ ಅಂತ ಕೂತು ಲೆಕ್ಕ ಬರ್ಕೊಂಡಿದಾನೆ, ಅದರಲ್ಲಿ ನೀರುಗಂಟಿ ಪಾಲೂ ಇದೆ, ಹೆಸರಿಲ್ಲದಿದ್ರೂ ಪಾಲಾದ್ರೂ ಇದೆಯಲ್ಲ. 1866ರಲ್ಲಿ ಮೈಸೂರಿನ ಚೀಫ್ ಇಂಜಿನಿಯರ್ ಸ್ಯಾಂಕಿ, ನಮ್ಮ ಸದಾಶಿವನಗರದ ಸ್ಯಾಂಕಿ ಕೆರೆಗೆ ಹೆಸರು ಕೊಟ್ಟ ಅದೇ ಸ್ಯಾಂಕಿ, ಈ ಸೀಮೇಲಿ ಹೊಸ ಕೆರೆಗೆ ಜಾಗ ಹುಡುಕೋದೇ ಕಷ್ಟ, ಅಷ್ಟು ಕೆರೆ ಆಗ್ಲೇ ಕಟ್ಟಿಬಿಟ್ಟಿದಾರೆ ಅನ್ನೋ ಅರ್ಥದಲ್ಲಿ ಬರೆದ. ಸಿಎಸ್‌ಆರ್ ಪ್ರೆಸೆಂಟೇಷನ್‌ಗಳಲ್ಲಿ ಆ ಮಾತನ್ನ ನಾನೇ ಎಷ್ಟೋ ಸಲ ಮೊದಲನೇ ಸ್ಲೈಡಿಗೆ ಹಾಕಿದೀನಿ. ಆದ್ರೆ ಕಟ್ಟಿದ್ದನ್ನ ದಿನಾ ನಡೆಸ್ತಿದ್ದೋರು ಯಾರು ಅಂತ ಎರಡನೇ ಸ್ಲೈಡಲ್ಲಿ ಯಾರೂ ಕೇಳಲ್ಲ.

ಹಳೇ ಥೀಸಿಸ್‌ಗಳು ಬೇಕಂದ್ರೆ ಶೋಧಗಂಗಾ ಇದೆ, ಫ್ರೀ. ಅರ್ಜಿ ಹಾಕೋರು ಯಾರೇ ಇರ್ಲಿ, ಮೊದ್ಲು ಅದರಲ್ಲಿ ತಮ್ಮ ವಿಷಯ ಹಾಕಿ ನೋಡ್ಬೇಕು, ಒಂದೇ ಟಾಪಿಕ್ಕು ಮೂರು ವಿವೀಲಿ ಮೂರು ಜನ ಮಾಡಿರೋದೂ ಕಾಣುತ್ತೆ, ಅದು ಬೇರೆ ಕಥೆ. ಜರ್ನಲ್‌ಗಳೇ ತೊಂದ್ರೆ. ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಅಂತ 2025ರ ಜನವರಿಯಿಂದ ಶುರುವಾಗಿದೆ, ಸರ್ಕಾರಿ ಕಾಲೇಜು, ವಿವಿಗಳಲ್ಲಿ ಇರೋರಿಗೆಲ್ಲ ದೊಡ್ಡ ದೊಡ್ಡ ಪಬ್ಲಿಷರ್‌ಗಳ ಜರ್ನಲ್ ಸಿಗುತ್ತೆ. ಒಳಗೆ ಇರೋರಿಗೆ. ಒಳಗೆ ಹೋಗೋಕೆ ಸಿನಾಪ್ಸಿಸ್ ಬೇಕು, ಸಿನಾಪ್ಸಿಸ್ ಬರೆಯೋಕೆ ಜರ್ನಲ್ ಬೇಕು. ನಾನು ಫ್ರೆಂಡ್ ಒಬ್ಬಳಿಗೆ ಕಾಡಿ ಬೇಡಿ ಪಿಡಿಎಫ್ ತರಿಸ್ಕೊಂಡೆ, ಅವಳು ಈಗ ನನ್ನ ಫೋನ್ ನೋಡಿದ್ರೆ ಎತ್ತಲ್ಲ.

ನೆಟ್, ಅಂದ್ರೆ ಜೆಆರ್‌ಎಫ್‌ಗೂ ಅಧ್ಯಾಪಕರ ಅರ್ಹತೆಗೂ ಬರೆಯೋ ರಾಷ್ಟ್ರಮಟ್ಟದ ಪರೀಕ್ಷೆ, ಅದರ ಬಗ್ಗೆ ಜಾಸ್ತಿ ಹೇಳೋಕೆ ಏನಿಲ್ಲ. 2024ರ ಜೂನ್‌ನಿಂದ ಅದೇ ಪರೀಕ್ಷೆಗೆ ಮೂರು ಮೆಟ್ಟಿಲು ಮಾಡಿದಾರೆ, ಮೇಲಿನದು ಜೆಆರ್‌ಎಫ್, ಮಧ್ಯದ್ದು ಅಸಿಸ್ಟೆಂಟ್ ಪ್ರೊಫೆಸರ್ ಮತ್ತೆ ಪಿಎಚ್‌ಡಿ, ಕೆಳಗಿನದು ಪಿಎಚ್‌ಡಿ ಮಾತ್ರ. ಕೆಳಗಿನ ಎರಡಕ್ಕೆ ಪಿಎಚ್‌ಡಿ ಸೀಟ್ ಕೊಡೋವಾಗ ನೆಟ್ ಸ್ಕೋರಿನ ತೂಕ 70 ಪರ್ಸೆಂಟು, ಇಂಟರ್‌ವ್ಯೂದು 30. ಆ ಜೂನ್ ಪರೀಕ್ಷೆ 18ಕ್ಕೆ ನಡೀತು, 19ಕ್ಕೆ ಕ್ಯಾನ್ಸಲ್ ಆಯ್ತು, ಆಗಸ್ಟಲ್ಲಿ ಮತ್ತೆ ಶುರು ಮಾಡಿದ್ರು, ರಜೆ ಹಾಕಿ ಬರೆದೋರು ಮತ್ತೆ ರಜೆ ಹಾಕಬೇಕಾಯ್ತು. ಪೇಪರ್ ಒಂದರಲ್ಲಿ ಐವತ್ತು ಪ್ರಶ್ನೆ, ಪೇಪರ್ ಎರಡರಲ್ಲಿ ನೂರು, ಒಟ್ಟು ಮೂರು ಗಂಟೆ, ನೆಗೆಟಿವ್ ಮಾರ್ಕಿಂಗ್ ಇಲ್ಲ. ಕೆಲಸ ಮಾಡ್ತಿರೋರಿಗೆ ಪೇಪರ್ ಒಂದು ಸುಲಭ, ಡೇಟಾ ಇಂಟರ್‌ಪ್ರಿಟೇಷನ್ ಎಲ್ಲ ನಮಗೆ ಆಫೀಸಲ್ಲಿ ದಿನಾ ಇರೋ ಗೋಳು. ಹಿಸ್ಟರಿ ಪೇಪರ್ ಮಾತ್ರ ಮೊಹೆಂಜೊದಾರೋದಿಂದ ಹಿಡಿದು ಎಲ್ಲ ಮತ್ತೆ ಓದ್ಬೇಕು, ಪಾತ್ರೆ ತೊಳೀತಾ ಮೌರ್ಯರು, ಬಟ್ಟೆ ಮಡಚ್ತಾ ಮೊಘಲರು. ತಲೆನೋವಿನ ವಿಷಯ ಏನಂದ್ರೆ ಈ ಸ್ಕೋರು ಪಿಎಚ್‌ಡಿ ಅಡ್ಮಿಷನ್‌ಗೆ ಒಂದೇ ವರ್ಷ ವ್ಯಾಲಿಡ್. ಆ ವರ್ಷದಲ್ಲಿ ನಮಗೆ ಬೇಕಾದ ವಿವಿ ನೋಟಿಫಿಕೇಷನ್ ಬಿಡದೇ ಹೋದ್ರೆ ಗೋವಿಂದ. ಕೆಲವು ವಿವಿಗಳು ತಮ್ಮದೇ ಎಂಟ್ರೆನ್ಸೂ ಮಾಡ್ತವೆ, ಅರ್ಧ ರಿಸರ್ಚ್ ಮೆಥಡಾಲಜಿ, ಅರ್ಧ ಸಬ್ಜೆಕ್ಟು, ಹಾಗಾಗಿ ಎರಡಕ್ಕೂ ರೆಡಿ ಇರೋದು ಒಳ್ಳೇದು. ರಾಜ್ಯಮಟ್ಟದ ಪರೀಕ್ಷೆ ಕೆಸೆಟ್ ಪಾಸಾಗಿದ್ರೆ ನಮ್ಮ ರಾಜ್ಯದಲ್ಲಿ ಪಾಠ ಮಾಡೋಕೆ ಅರ್ಹತೆ, ಫೆಲೋಶಿಪ್ ಬರಲ್ಲ, ಇದನ್ನ ನೆಂಟರಿಗೆ ವಿವರಿಸೋಕೆ ಹೋಗ್ಬೇಡಿ.

ಇನ್ನು ಕಾಗದಪತ್ರ. ಅಯ್ಯೋ ರಾಮ. ಎಂಎ ಆದ್ಮೇಲೆ ನಾನು ಕಾನ್ವೊಕೇಷನ್‌ಗೆ ಹೋಗಿರಲಿಲ್ಲ, ಪ್ರಾವಿಷನಲ್ ಸರ್ಟಿಫಿಕೇಟಲ್ಲೇ ಇಷ್ಟು ವರ್ಷ ಜೀವನ ಸಾಗಿತ್ತು, ಕೆಲಸ ಕೊಡೋರು ಯಾರೂ ಕೇಳ್ಲಿಲ್ಲ. ಈಗ ಅದು ಬೇಕು, ಅದಕ್ಕೆ ಅರ್ಜಿ, ಫೀಸು, ಚಲನ್. ಬೇರೆ ವಿವಿಗೆ ಹೋಗೋದಾದ್ರೆ ಮೈಗ್ರೇಷನ್ ಸರ್ಟಿಫಿಕೇಟ್, ಅದಕ್ಕೆ ಇನ್ನೊಂದು ಅರ್ಜಿ, ಇನ್ನೊಂದು ಚಲನ್. ಎಸ್‌ಎಸ್‌ಎಲ್‌ಸಿ ಕಾರ್ಡಲ್ಲಿ ನನ್ನ ಹೆಸರಿನ ಮುಂದೆ ಒಂದು ಇನಿಷಿಯಲ್, ಎಂಎ ಕಾರ್ಡಲ್ಲಿ ಅದೇ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಪ್ಯಾನ್‌ನಲ್ಲಿ ಗಂಡನ ಮನೆ ಹೆಸರು. ನಾಲ್ಕೂ ನಾನೇ ಅಂತ ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ ನೋಟರಿ ಸೀಲ್ ಹಾಕಿಸಿದೆ. ನೋಟರಿ ಆಫೀಸಿನ ಹುಡುಗ "ಮೇಡಂ ಪಾಸ್‌ಪೋರ್ಟಿಗಾ?" ಅಂದ, ಪಿಎಚ್‌ಡಿಗೆ ಅಂದೆ, "ಯಾರಿಗೆ, ಮಗಳಿಗಾ?" ಅಂದ. ಮಗಳು ಪಕ್ಕದಲ್ಲೇ ಲಾಲಿಪಾಪ್ ಚೀಪ್ತಾ ನಿಂತಿದ್ಲು. ಕ್ಯಾಟಗರಿ ಸರ್ಟಿಫಿಕೇಟ್ ಬೇಕಾದೋರು ನಾಡಕಚೇರಿಗೆ ಮೊದಲೇ ಹೋಗಿ, ಅವಧಿ ಮುಗಿದಿದೆಯಾ ನೋಡ್ಕೊಳ್ಳಿ, ಕೊನೇ ದಿನ ಅಲ್ಲಿ ಸರ್ವರ್ ಇರಲ್ಲ. ಒಂದು ವಿವೀಲಿ ಸಿನಾಪ್ಸಿಸ್ ನುಡಿ ಫಾಂಟಲ್ಲೇ ಬೇಕು ಅಂದ್ರು, ನಾನು ಟೈಪ್ ಮಾಡಿದ್ದು ಯೂನಿಕೋಡ್, ಕನ್ವರ್ಟ್ ಮಾಡಿದ್ರೆ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ, ನೀರುಗಂಟಿ ಹೋಗಿ ಏನೇನೋ ಆಗಿತ್ತು. ಕೊನೆಗೆ ಗೇಟ್ ಎದುರಿಗಿರೋ ಡಿಟಿಪಿ ಅಂಗಡಿಯೋರೇ ಕಾಪಾಡಿದ್ದು. ಪ್ರತೀ ವಿವಿ ಗೇಟ್ ಎದುರು ಒಂದು ಡಿಟಿಪಿ ಅಂಗಡಿ ಇರುತ್ತೆ, ಆಡಳಿತ ವಿಭಾಗಕ್ಕಿಂತ ಅವ್ರಿಗೇ ನಿಯಮ ಚೆನ್ನಾಗಿ ಗೊತ್ತು.

ಅರ್ಜೀಲಿ ವಿದ್ಯಾರ್ಹತೆಗೆ ಕಾಲಂ ಇದೆ, ಬೋಧನಾ ಅನುಭವಕ್ಕೆ ಇದೆ, ಪ್ರಕಟಣೆಗಳಿಗೆ ಇದೆ. ಕೆರೆ ಏರಿ ಮೇಲೆ ಕಳೆದ ವರ್ಷಗಳನ್ನ ಬರೆಯೋಕೆ ಜಾಗ ಇಲ್ಲ, "ಇತರೆ" ಅಂತ ಕೊನೇಲಿ ಒಂದು ಗೆರೆ. ಪಿಯು ಕಾಲೇಜಲ್ಲಿ ಪಾಠ ಮಾಡ್ತಿರೋರಿಗಾದ್ರೂ ಒಂದು ಕಾಲಂ ಸಿಗುತ್ತೆ, ನಮ್ಮಂಥ ಎನ್‌ಜಿಒ, ಪತ್ರಿಕೆ, ಬ್ಯಾಂಕು, ಅಂತ ಹೋದೋರೆಲ್ಲ ಇತರೆ. ನಾನು ಆ ಒಂದು ಗೆರೇಲಿ ಏನೂ ಬರೀಲಿಲ್ಲ, ಸಿನಾಪ್ಸಿಸ್‌ನ ಮೊದಲ ಪ್ಯಾರಾದಲ್ಲೇ ಎಲ್ಲ ಹಾಕ್ದೆ. ಗ್ಯಾಪ್ ಮುಚ್ಚಿಡೋಕೆ ಹೋಗ್ಬೇಡಿ ಅಂತ ನನ್ನ ಅಭಿಪ್ರಾಯ, ನಮ್ಮ ಪ್ರಶ್ನೆ ಬಂದಿರೋದೇ ಅಲ್ಲಿಂದ ಅಂದ್ಮೇಲೆ ಮುಚ್ಚಿಡೋದು ಏನನ್ನ.

ಪಾರ್ಟ್ ಟೈಮ್‌ಗೆ ಕೆಲಸ ಮಾಡೋ ಕಡೆಯಿಂದ ಎನ್‌ಒಸಿ ಬೇಕು. ಇದು ಸುಮ್ನೆ "ನಮ್ಮ ಅಭ್ಯಂತರ ಇಲ್ಲ" ಅನ್ನೋ ಒಂದು ಸಾಲಲ್ಲ, ಯುಜಿಸಿ ನಿಯಮದಲ್ಲೇ ಮೂರು ವಿಷಯ ಇರ್ಬೇಕು ಅಂತಿದೆ. ಒಂದು, ಪಾರ್ಟ್ ಟೈಮ್ ಓದೋಕೆ ಅನುಮತಿ ಇದೆ. ಎರಡು, ಆಫೀಸ್ ಕೆಲಸದ ನಡುವೆ ಸಂಶೋಧನೆಗೆ ಸಾಕಷ್ಟು ಸಮಯ ಸಿಗುತ್ತೆ. ಮೂರು, ಅಗತ್ಯ ಬಿದ್ರೆ ಕೋರ್ಸ್ ವರ್ಕ್, ಅಂದ್ರೆ ಪಿಎಚ್‌ಡಿ ಶುರುವಿನ ಕ್ಲಾಸುಗಳನ್ನ, ಮುಗಿಸೋಕೆ ಕೆಲಸದಿಂದ ಬಿಡುಗಡೆ ಕೊಡ್ತೀವಿ. ಎಚ್‌ಆರ್ ಹುಡುಗಿ ಪಾಪ, ಇದನ್ನ ನೋಡಿ, "ಇದು ಮೂನ್‌ಲೈಟಿಂಗ್ ಥರಾನಾ ಮ್ಯಾಮ್?" ಅಂತ ಕೇಳಿದ್ಲು. ಅಲ್ಲಮ್ಮ, ಮೂನ್‌ಲೈಟಿಂಗ್ ಅಂತ ಇನ್ನೊಂದು ಕಡೆ ಕದ್ದು ಕೆಲಸ ಮಾಡಿದ್ರೆ ದುಡ್ಡು ಬರುತ್ತೆ, ಇಲ್ಲಿ ನಾನೇ ಫೀಸ್ ಕಟ್ತೀನಿ ಅಂದೆ. ಲೀಗಲ್‌ಗೆ ಹೋಯ್ತು, ಅಲ್ಲಿಂದ ನಮ್ಮ ಬಾಸ್‌ಗೆ ಬಂತು. ಬಾಸ್ ಬೋರ್ಡ್ ಮೀಟಿಂಗಿಗೆ ಓಡೋ ಅವಸರದಲ್ಲಿ ನಿಂತ್ಕೊಂಡೇ ಸೈನ್ ಹಾಕಿದ್ರು.

ಇಂಟರ್‌ವ್ಯೂ ಎರಡು ಕಡೆ ಆಯ್ತು. ಒಂದು ಕಡೆ, ಹೆಸರು ಬೇಡ, ಒಳಗೆ ಹೋಗಿ ಕೂತ ತಕ್ಷಣ ಬಂದ ಪ್ರಶ್ನೆ "ಮನೇಲಿ ಒಪ್ಪಿದಾರಾ?" ಎರಡನೇದು "ಮಗು ಎಷ್ಟನೇ ಕ್ಲಾಸು?" ನನಗಿಂತ ಮುಂಚೆ ಹೋಗಿದ್ದ ಒಬ್ರು ಸರ್ ನನಗಿಂತ ದೊಡ್ಡೋರು, ಮೂರು ಮಕ್ಕಳ ತಂದೆ, ಅವ್ರನ್ನ ಕೇಳಿದ್ದು ಬರೀ ಮೆಥಡಾಲಜಿ. ಹೊರಗೆ ಬಂದು ಇಬ್ರೂ ಪ್ರಶ್ನೆ ಹೋಲಿಸಿ ನೋಡಿದ್ವಿ, ಅವ್ರೇ ನನಗಿಂತ ಜಾಸ್ತಿ ಕೋಪ ಮಾಡ್ಕೊಂಡ್ರು. ತಮಾಷೆ ಅಂದ್ರೆ ನಿಯಮದಲ್ಲಿ ಹೆಣ್ಣುಮಕ್ಕಳಿಗೆ ಅನುಕೂಲ ಇದೆ. ಎಲ್ಲರಿಗೂ ಕನಿಷ್ಠ ಮೂರು ವರ್ಷ ಗರಿಷ್ಠ ಆರು, ರೀ ರಿಜಿಸ್ಟ್ರೇಷನ್ ಮಾಡಿಸಿದ್ರೆ ಎಂಟು, ಹೆಂಗಸರಿಗೆ ಇನ್ನೂ ಎರಡು ಸೇರಿ ಹತ್ತರವರೆಗೂ ಹೋಗಬಹುದು, ಹೆರಿಗೆ, ಮಕ್ಕಳ ಆರೈಕೆ ಅಂತ 240 ದಿನ ರಜೆಯೂ ಉಂಟು. ಕಾಗದದಲ್ಲಿ ಇಷ್ಟೆಲ್ಲ ಕೊಟ್ಟು, ಕುರ್ಚೀಲಿ ಕೂತೋರು "ಆಗುತ್ತಾಮ್ಮ ನಿನ್ನ ಕೈಲಿ" ಅಂತಾರೆ. ಅಲ್ಲಿ ನನ್ನ ವಿಷಯದ ಬಗ್ಗೆ ಕೇಳಿದ್ದು ಒಂದೇ ಮಾತು, "ನೀರುಗಂಟಿ ಮೇಲೆ ಏನಿರುತ್ತೆ ಬರೆಯೋಕೆ, ಒಂದು ಲೇಖನ ಆಗಬಹುದು." ಆ ಲಿಸ್ಟಲ್ಲಿ ನನ್ನ ಹೆಸರು ಬರಲಿಲ್ಲ.

ಇನ್ನೊಂದು ಕಡೆ ಬೇರೇನೇ ಇತ್ತು. ಪ್ಯಾನಲ್‌ನಲ್ಲಿದ್ದ ಒಬ್ರು ಮೇಡಂ ನೇರವಾಗಿ ಕೇಳಿದ್ರು, "ದಾಖಲೆ ಬರೆದೋರು ಶಾನುಭೋಗರು. ನೀರುಗಂಟಿ ಓದುಬರಹ ಬಲ್ಲೋನಲ್ಲ. ಶಾನುಭೋಗ ಬರೆದ ಲೆಕ್ಕದಲ್ಲಿ ನೀರುಗಂಟಿ ಅಧಿಕಾರ ಹೇಗೆ ಹುಡುಕ್ತೀರ?" ಇದು ಪ್ರಶ್ನೆ ಅಂದ್ರೆ. ನಾನು ಹೇಳಿದೆ, ಮೇಡಂ, ಜಗಳ ಇರೋ ಕಡೆ ಹುಡುಕ್ತೀನಿ. ನೀರು ಸರಿಯಾಗಿ ಬಿಡಲಿಲ್ಲ ಅಂತ ರೈತ ಆಗಿನ ತಾಲ್ಲೂಕು ಅಧಿಕಾರಿ ಅಮಲ್ದಾರ್‌ಗೆ ಅರ್ಜಿ ಕೊಟ್ಟಿದ್ರೆ ಅಲ್ಲಿ ನೀರುಗಂಟಿ ಹೆಸರು ಬರ್ಬೇಕು, ಇನಾಂತಿ ಜಮೀನಿನ ತಕರಾರಿದ್ರೆ ಅಲ್ಲಿ ವಂಶಾವಳಿ ಬರ್ಬೇಕು, ಹುದ್ದೆ ರದ್ದಾದ್ಮೇಲೆ ಜಮೀನು ಮರುಮಂಜೂರಾತಿ ಕೇಳಿದ ಅರ್ಜಿಗಳಲ್ಲಿ ಅವ್ರದ್ದೇ ಹೇಳಿಕೆ ಇರಬೇಕು, ಹೆಬ್ಬೆಟ್ಟಿನ ಮೇಲೆ ಬೇರೆಯೋರು ಬರೆದದ್ದಾದ್ರೂ. ಮತ್ತೆ ಇನ್ನೂ ಬದುಕಿರೋ ಒಂದಿಷ್ಟು ಜನರನ್ನ ಕೇಳ್ತೀನಿ, ಅವ್ರು ಜಾಸ್ತಿ ದಿನ ಇರಲ್ಲ, ಅದಕ್ಕೇ ಈಗ ಬಂದಿದ್ದು ಅಂದೆ. ಮೇಡಂ ಏನೋ ಬರ್ಕೊಂಡ್ರು. ಇನ್ನೊಬ್ರು, "ಆ ಅರ್ಜಿಗಳು ಸಿಗದೇ ಹೋದ್ರೆ?" ಅಂದ್ರು. ಗೊತ್ತಿಲ್ಲ ಸರ್ ಅಂದೆ. ಈ ಸಲ ಧೈರ್ಯವಾಗಿ.

ಮೊನ್ನೆ ಅಲ್ಲಿಯ ಪ್ರಾವಿಷನಲ್ ಲಿಸ್ಟ್ ಬಂತು, ಪಾರ್ಟ್ ಟೈಮ್ ಕೆಳಗೆ ನನ್ನ ಹೆಸರಿದೆ, ಇನಿಷಿಯಲ್ ತಪ್ಪಾಗಿದೆ, ಇರ್ಲಿ, ಅಫಿಡವಿಟ್ ಇದೆಯಲ್ಲ. ಅಮ್ಮನಿಗೆ ಫೋನ್ ಮಾಡಿದ್ರೆ, "ಸಂತೋಷ ಕಣೇ, ಸಂಬಳ ಜಾಸ್ತಿ ಆಗುತ್ತಾ?" ಅಂದ್ಲು. ಇಲ್ಲಮ್ಮ, ಕಮ್ಮಿ ಆಗುತ್ತೆ ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮ ತಾತನ ಊರಲ್ಲೂ ಒಬ್ಬ ನೀರುಗಂಟಿ ಇದ್ದ, ಅವನ ಮೊಮ್ಮಗ ಈಗ ಮಧುಗಿರಿ ಡಿಪೋದಲ್ಲಿ ಕಂಡಕ್ಟರು, ಕೇಳಿ ನೋಡು," ಅಂತ ಅವಳೇ ಸೋರ್ಸ್ ಕೊಟ್ಲು. ನನ್ನ ಗಂಡ ಮಾತ್ರ ಎಕ್ಸೆಲ್ ಶೀಟ್ ತೆಗೆದು ಫೀಸು, ಓಡಾಟ, ಮಗಳ ಟ್ಯೂಷನ್ ಎಲ್ಲ ಹಾಕಿ, ಆಗುತ್ತೆ ಬಿಡು, ಕಾರ್ ಮುಂದಿನ ವರ್ಷ ನೋಡೋಣ ಅಂದ್ರು. ವಿಧಾನಸೌಧದಲ್ಲಿರೋ ರಾಜ್ಯ ಪತ್ರಾಗಾರಕ್ಕೆ ಹೋಗೋಕೆ ನನಗಿರೋದು ಶನಿವಾರ ಒಂದೇ, ಎರಡನೇ ನಾಲ್ಕನೇ ಶನಿವಾರ ಸರ್ಕಾರಿ ರಜೆ, ಮಿಕ್ಕ ಶನಿವಾರಗಳಲ್ಲಿ ಮಗಳ ಡ್ಯಾನ್ಸ್ ಕ್ಲಾಸ್ ಡ್ಯೂಟಿ ಇನ್ಮೇಲೆ ಅವ್ರದ್ದು.

ಕೋರ್ಸ್ ವರ್ಕ್ ಕನಿಷ್ಠ 12 ಕ್ರೆಡಿಟ್, ಅದರಲ್ಲಿ 55 ಪರ್ಸೆಂಟ್ ತಗೊಂಡ್ರೆ ಮಾತ್ರ ಮುಂದೆ. ಕ್ಲಾಸು ವಾರದ ದಿನಗಳಲ್ಲೇ ಅಂತೆ. ಬಾಸ್ ಸೈನ್ ಹಾಕೋವಾಗ ಎನ್‌ಒಸಿಯ ಮೂರನೇ ಪಾಯಿಂಟ್ ಓದಿದ್ರಾ ಇಲ್ವಾ ಅನ್ನೋದು ಸೋಮವಾರ ಗೊತ್ತಾಗುತ್ತೆ.